‘ಹೌದು’ ಎಂದರೆ ಮಾತ್ರ ಕೇಳಬೇಕು: ಮರುಬಳಕೆಯ ನಮೂನೆ ತುಣುಕುಗಳಲ್ಲಿ ಷರತ್ತಿನ ಪರಿಶೀಲನೆ – ಮೂರು ಅವಧಿಗಳ ಬೋಧನಾಭ್ಯಾಸ

ಪೀಠಿಕೆ

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಬಂಗಾರಪೇಟೆಯ ಒಂದು ಪ್ರೌಢಶಾಲೆ. ನನ್ನ ಮನೆ ಕೆಜಿಎಫ್‌ನಲ್ಲಿ. ಬೆಳಿಗ್ಗೆ ಊರಿಗಾಂನಲ್ಲಿ ರೈಲು ಹತ್ತಿದರೆ ಕೋರಮಂಡಲ್, ಬೆಮೆಲ್ ನಗರ ದಾಟಿ ಬಂಗಾರಪೇಟೆಯಲ್ಲಿ ಇಳಿಯುತ್ತೇನೆ. ನನ್ನ ಜೊತೆ ಹತ್ತಿದವರಲ್ಲಿ ಬಹಳ ಜನ ಇಳಿಯುವುದಿಲ್ಲ, ಕೆಲಸಕ್ಕೆಂದು ಬೆಂಗಳೂರಿನವರೆಗೆ ಹೋಗುತ್ತಾರೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ನಮ್ಮ ಊರಿನ ಎಷ್ಟೋ ಮನೆಗಳ ದಿನಚರಿ ಈ ರೈಲಿನ ವೇಳೆಗೆ ಹೊಂದಿಕೊಂಡಿದೆ. ನಾನು ಕಲಿಸಿದ ಒಂಬತ್ತನೇ ತರಗತಿಯಲ್ಲೂ ಮಾರಿಕುಪ್ಪಂ, ಚಾಂಪಿಯನ್ ಕಡೆಯಿಂದ ರೈಲಿನಲ್ಲಿ ಬರುವ ಮಕ್ಕಳಿದ್ದರು, ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರಿದ್ದರು, ನಡೆದು ಬರುವವರೂ ಇದ್ದರು.

ಬಿ.ಎಸ್ಸಿ.ಯಲ್ಲಿ ನನ್ನ ವಿಷಯಗಳು ಭೌತಶಾಸ್ತ್ರ, ಗಣಿತ ಮತ್ತು ಗಣಕವಿಜ್ಞಾನ. ಬೋಧನಾಭ್ಯಾಸದಲ್ಲಿ ಗಣಿತ ಮತ್ತು ವಿಜ್ಞಾನದ ಪಾಠಗಳ ಜೊತೆಗೆ ಕಂಪ್ಯೂಟರ್ ಕೊಠಡಿಯಲ್ಲಿ ಮೂರು ಅವಧಿಗಳ ಒಂದು ಪೂರಕ ಪಾಠ ಮಾಡಲು ಮಾರ್ಗದರ್ಶಕ ಶಿಕ್ಷಕಿ ಒಪ್ಪಿದರು. ನಾನು ಆರಿಸಿದ ವಿಷಯ, ವೆಬ್ ಪುಟದ ನಮೂನೆಯಲ್ಲಿ ಷರತ್ತಿನ ಪರಿಶೀಲನೆ. ಅಂದರೆ ಒಂದು ಖಾನೆಗೆ ಕೊಟ್ಟ ಉತ್ತರವನ್ನು ನೋಡಿ ಇನ್ನೊಂದು ಖಾನೆ ಕಡ್ಡಾಯವೋ ಅಲ್ಲವೋ ಎಂದು ತೀರ್ಮಾನಿಸುವುದು. ಅದನ್ನು ಒಮ್ಮೆ ಬರೆದು ಹಲವು ಕಡೆ ಬಳಸುವ ತುಣುಕಿನೊಳಗೆ ಇಟ್ಟಾಗ ಏನಾಗುತ್ತದೆ ಎಂಬುದು ಪಾಠದ ಎರಡನೇ ಭಾಗ.

ಈ ಲೇಖನದಲ್ಲಿ ಪಾಠದ ಕ್ರಮವನ್ನೂ, ಎರಡನೇ ಅವಧಿಯಲ್ಲಿ ನಾನು ಮಾಡಿದ ತಪ್ಪನ್ನೂ ಬರೆದಿದ್ದೇನೆ. ಓದುಗರಲ್ಲಿ ಎಲ್ಲರೂ ಗಣಕವಿಜ್ಞಾನದವರಲ್ಲದ ಕಾರಣ ಸಂಕೇತಗಳನ್ನು ಕಪ್ಪುಹಲಗೆಯ ಮೇಲೆ ಬರೆದಂತೆ ಕನ್ನಡದ ಹೇಳಿಕೆಗಳಾಗಿಯೇ ಕೊಟ್ಟಿದ್ದೇನೆ.

ಪಾಠದ ಉದ್ದೇಶಗಳು

ಪಾಠಯೋಜನೆಯಲ್ಲಿ ನಾನು ಬರೆದುಕೊಂಡ ಉದ್ದೇಶಗಳು ನಾಲ್ಕು.

1. ‘ಹೀಗಾದರೆ ಹಾಗೆ’ ಎಂಬ ಷರತ್ತು ಹೇಳಿಕೆಯು ಯಾವ ಸಂದರ್ಭದಲ್ಲಿ ಮಾತ್ರ ತಪ್ಪಾಗುತ್ತದೆ ಎಂದು ವಿದ್ಯಾರ್ಥಿ ಗುರುತಿಸುವುದು.
2. ಒಂದು ನಮೂನೆಗೆ ಬೇಕಾದ ಷರತ್ತುಗಳನ್ನು ಕೋಷ್ಟಕದಲ್ಲಿ ಬರೆಯುವುದು.
3. ಒಂದೇ ತುಣುಕನ್ನು ಎರಡು ಕಡೆ ಬಳಸಿದಾಗ ಹುಟ್ಟುವ ತೊಂದರೆಗಳನ್ನು ಪತ್ತೆ ಹಚ್ಚುವುದು.
4. ನಮೂನೆಯನ್ನು ಬೇರೆ ಬೇರೆ ವ್ಯಕ್ತಿಗಳ ದೃಷ್ಟಿಯಿಂದ ತುಂಬಿ ಪರೀಕ್ಷಿಸುವುದು.

ಈ ನಾಲ್ಕನೆಯದನ್ನು ನಾನು ಮೊದಲ ಪಾಠಯೋಜನೆಯಲ್ಲಿ ಬರೆದಿರಲಿಲ್ಲ. ಎರಡನೇ ಅವಧಿ ಮುಗಿದ ರಾತ್ರಿ ಸೇರಿಸಿದೆ.

ಮೊದಲ ಅವಧಿ: ನಾಲ್ಕು ಸಾಲಿನ ಕೋಷ್ಟಕ

ತೊಡಗಿಸಿಕೊಳ್ಳುವ ಹಂತದಲ್ಲಿ ಕಂಪ್ಯೂಟರ್ ಹಚ್ಚಲಿಲ್ಲ. ಕಪ್ಪುಹಲಗೆಯ ಮೇಲೆ ಒಂದು ಚಿಕ್ಕ ನಮೂನೆ ಬರೆದೆ.

ಹೆಸರು: ______
ರೈಲಿನಲ್ಲಿ ಬರುತ್ತೀರಾ? ಹೌದು / ಇಲ್ಲ
ಹತ್ತುವ ನಿಲ್ದಾಣ: ______

“ಮೂರನೇ ಖಾನೆ ಕಡ್ಡಾಯವೇ?” ಎಂದು ಕೇಳಿದೆ. ಅರ್ಧ ಮಂದಿ ‘ಹೌದು’ ಎಂದರು, ಅರ್ಧ ಮಂದಿ ‘ಇಲ್ಲ’ ಎಂದರು. ನಡೆದು ಬರುವ ಒಬ್ಬ ಹುಡುಗ, “ಕಡ್ಡಾಯ ಮಾಡಿದರೆ ನಾನು ಏನು ಬರೆಯಲಿ ಸಾರ್, ಬಂಗಾರಪೇಟೆ ಅಂತಲೇ ಬರೆಯಲಾ?” ಎಂದ. ಪಾಠಕ್ಕೆ ಬೇಕಾಗಿದ್ದ ಪ್ರಶ್ನೆ ಅದೇ. ಎಲ್ಲರಿಗೂ ಕಡ್ಡಾಯ ಮಾಡಿದರೆ ನಡೆದು ಬರುವವನು ಇಲ್ಲದ ಉತ್ತರ ಬರೆಯಬೇಕಾಗುತ್ತದೆ. ಯಾರಿಗೂ ಕಡ್ಡಾಯ ಮಾಡದಿದ್ದರೆ ರೈಲಿನಲ್ಲಿ ಬರುವವಳು ಮರೆತು ಬಿಟ್ಟುಬಿಡಬಹುದು. ಆದ್ದರಿಂದ ನಿಯಮ ಹೀಗಿರಬೇಕು: ರೈಲಿನಲ್ಲಿ ಬರುವುದಾದರೆ ನಿಲ್ದಾಣ ಬರೆಯಬೇಕು.

ಈ ನಿಯಮಕ್ಕೆ ಮಕ್ಕಳೇ ನಾಲ್ಕು ಸಾಲಿನ ಕೋಷ್ಟಕ ಮಾಡಿದರು.

ಸಾಲು 1. ರೈಲು ಹೌದು, ನಿಲ್ದಾಣ ಬರೆದಿದೆ – ಸರಿ.
ಸಾಲು 2. ರೈಲು ಹೌದು, ನಿಲ್ದಾಣ ಖಾಲಿ – ತಪ್ಪು.
ಸಾಲು 3. ರೈಲು ಇಲ್ಲ, ನಿಲ್ದಾಣ ಖಾಲಿ – ಸರಿ.
ಸಾಲು 4. ರೈಲು ಇಲ್ಲ, ನಿಲ್ದಾಣ ಬರೆದಿದೆ – ?

ನಾಲ್ಕನೇ ಸಾಲಿನಲ್ಲಿ ತರಗತಿ ನಿಂತಿತು. “ರೈಲಿನಲ್ಲಿ ಬರದವನು ನಿಲ್ದಾಣ ಯಾಕೆ ಬರೆದ? ತಪ್ಪು” ಎಂದು ಹೆಚ್ಚಿನವರ ವಾದ. ತರ್ಕದ ಪಾಠದ ಪ್ರಕಾರ ‘ಅ ಆದರೆ ಆ’ ಎಂಬ ಹೇಳಿಕೆ ತಪ್ಪಾಗುವುದು ‘ಅ’ ನಿಜವಾಗಿ ‘ಆ’ ಸುಳ್ಳಾದಾಗ ಮಾತ್ರ. ಉಳಿದ ಮೂರು ಸಾಲುಗಳೂ ಸರಿ. ನಾಲ್ಕನೇ ಸಾಲಿನಲ್ಲಿ ನಿಯಮ ಮುರಿದಿಲ್ಲ, ಏಕೆಂದರೆ ರೈಲಿನಲ್ಲಿ ಬರದವರ ಬಗ್ಗೆ ಆ ನಿಯಮ ಏನನ್ನೂ ಹೇಳಿಯೇ ಇಲ್ಲ. ಆದರೆ ಮಕ್ಕಳ ಆಕ್ಷೇಪವನ್ನು ತಳ್ಳಿಹಾಕುವಂತಿರಲಿಲ್ಲ. ಅವರು ಇನ್ನೊಂದು ನಿಯಮವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತಿದ್ದರು: ರೈಲಿನಲ್ಲಿ ಬರದಿದ್ದರೆ ನಿಲ್ದಾಣ ಇರಬಾರದು. ಎರಡನ್ನೂ ಬೇರೆ ಬೇರೆ ಸಾಲಾಗಿ ಬರೆದೆ.

ನಿಯಮ ಒಂದು: ಹೌದಾದರೆ ಬೇಕು.
ನಿಯಮ ಎರಡು: ಇಲ್ಲವಾದರೆ ಇರಬಾರದು.

ಮಾತಿನಲ್ಲಿ ನಾವು ಇವೆರಡನ್ನೂ ಒಂದೇ ವಾಕ್ಯದಲ್ಲಿ ಹೇಳಿಬಿಡುತ್ತೇವೆ. ಕಂಪ್ಯೂಟರಿಗೆ ಎರಡನ್ನೂ ಹೇಳಬೇಕು. ನಾಲ್ಕನೇ ಸಾಲು ನಿಜವಾಗಿಯೂ ಬರುವ ಸಂದರ್ಭವನ್ನು ಮಕ್ಕಳಿಗೆ ತೋರಿಸಿದೆ. ಒಬ್ಬಳು ಮೊದಲು ‘ಹೌದು’ ಆರಿಸಿ ‘ಊರಿಗಾಂ’ ಎಂದು ಬರೆಯುತ್ತಾಳೆ. ಆಮೇಲೆ ಬಸ್ಸಿನಲ್ಲಿ ಬರಲು ಶುರು ಮಾಡಿದ್ದು ನೆನಪಾಗಿ ‘ಇಲ್ಲ’ ಆರಿಸುತ್ತಾಳೆ. ನಿಲ್ದಾಣದ ಖಾನೆ ಪರದೆಯಿಂದ ಮರೆಯಾಗುತ್ತದೆ, ಅದರೊಳಗಿನ ‘ಊರಿಗಾಂ’ ಮಾತ್ರ ಉಳಿದಿರುತ್ತದೆ. ಹಾಗೆಯೇ ಕಳುಹಿಸಿದರೆ ದಾಖಲೆಯಲ್ಲಿ ‘ರೈಲು ಇಲ್ಲ, ನಿಲ್ದಾಣ ಊರಿಗಾಂ’ ಎಂದು ಸೇರುತ್ತದೆ.

ಅವಧಿಯ ಕೊನೆಗೆ ಒಂದು ಗಣಿತದ ಪ್ರಶ್ನೆ ಕೊಟ್ಟೆ. ಹೌದು-ಇಲ್ಲ ಪ್ರಶ್ನೆ ಒಂದಿದ್ದರೆ ಪರೀಕ್ಷಿಸಬೇಕಾದ ಸಂದರ್ಭಗಳು 2, ಎರಡಿದ್ದರೆ 4, ಮೂರಿದ್ದರೆ 8. ಹತ್ತು ಇದ್ದರೆ? ಘಾತಾಂಕಗಳನ್ನು ಕಲಿತಿದ್ದ ಕಾರಣ 1024 ಎಂದು ಬೇಗ ಹೇಳಿದರು. ಇಷ್ಟನ್ನೂ ಒಂದೊಂದಾಗಿ ಯಾರೂ ತುಂಬಿ ನೋಡುವುದಿಲ್ಲ, ಆದ್ದರಿಂದ ಯಾವುದನ್ನು ನೋಡಬೇಕೆಂದು ಆರಿಸಬೇಕು ಎಂದು ಹೇಳಿ ಮುಗಿಸಿದೆ. ಹೇಗೆ ಆರಿಸಬೇಕು ಎಂಬುದು ಆಗ ನನಗೂ ಸರಿಯಾಗಿ ತಿಳಿದಿರಲಿಲ್ಲ.

ಎರಡನೇ ಅವಧಿ: ಕೆಲಸ ಮಾಡದ ‘ಕಳುಹಿಸು’ ಗುಂಡಿ

ಎರಡನೇ ಅವಧಿಗೆ ನಾನೇ ಮನೆಯಲ್ಲಿ ಒಂದು ಪುಟ ಸಿದ್ಧ ಮಾಡಿಕೊಂಡು ಬಂದಿದ್ದೆ. ಇಂಟರ್‌ನೆಟ್ ಬೇಡ, ಬ್ರೌಸರ್ ಒಂದಿದ್ದರೆ ಸಾಕು. ಅದರಲ್ಲಿ ‘ಪೋಷಕರ ವಿವರ’ ಎಂಬ ತುಣುಕು ಇತ್ತು: ಹೆಸರು, ಉದ್ಯೋಗ, ಮೊಬೈಲ್ ಸಂಖ್ಯೆ. ಇದನ್ನು ಒಮ್ಮೆ ಬರೆದು ‘ತಂದೆ’ ಮತ್ತು ‘ತಾಯಿ’ ಎಂಬ ಎರಡು ಶೀರ್ಷಿಕೆಗಳ ಕೆಳಗೆ ಎರಡು ಸಲ ಬಳಸಿದ್ದೆ. ಒಂದು ಸಲ ಬರೆದದ್ದನ್ನು ಮತ್ತೆ ಮತ್ತೆ ಬಳಸುವ ಲಾಭವನ್ನು ತೋರಿಸುವುದು ಉದ್ದೇಶ. ಪ್ರತಿ ತುಣುಕಿನ ಮೇಲೆ ‘ಈ ಭಾಗ ನನಗೆ ಅನ್ವಯಿಸುವುದಿಲ್ಲ’ ಎಂಬ ಗುರುತುಚೌಕ. ಅದನ್ನು ಒತ್ತಿದರೆ ಆ ಭಾಗ ಮರೆಯಾಗುವಂತೆ ಮಾಡಿದ್ದೆ. ಎಲ್ಲವನ್ನೂ ತುಂಬಿ ‘ಕಳುಹಿಸು’ ಒತ್ತಿದರೆ ತುಂಬಿದ ವಿವರ ಅದೇ ಪರದೆಯಲ್ಲಿ ಕೋಷ್ಟಕವಾಗಿ ಕಾಣುತ್ತಿತ್ತು.

ಮಕ್ಕಳು ಒಂದೊಂದು ಕಂಪ್ಯೂಟರಿಗೆ ನಾಲ್ಕು ಮಂದಿಯಂತೆ ಕುಳಿತು ಸರದಿಯ ಮೇಲೆ ತುಂಬಿದರು. ನಾನು ಸುತ್ತಾಡುತ್ತಾ ಕೋಷ್ಟಕಗಳನ್ನು ನೋಡುತ್ತಿದ್ದೆ. ಒಂದು ಪರದೆಯಲ್ಲಿ ತಂದೆಯ ಹೆಸರಿನ ಎದುರು ಒಂದು ಚುಕ್ಕೆ, ಮೊಬೈಲ್ ಎದುರು ಹತ್ತು ಒಂಬತ್ತುಗಳು ಕಂಡವು. “ಇದು ಆಟವಾಡುವ ಸಮಯವಾ? ಯಾರು ಬರೆದದ್ದು?” ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದೆ. ಒಬ್ಬ ಹುಡುಗಿ ಎದ್ದು ನಿಂತಳು. ಏನೂ ಹೇಳಲಿಲ್ಲ. “ಸರಿಯಾಗಿ ಮತ್ತೆ ತುಂಬು” ಎಂದು ಹೇಳಿ ಮುಂದಿನ ಕಂಪ್ಯೂಟರಿಗೆ ಹೋದೆ.

ಅವಧಿ ಮುಗಿದು ಎಲ್ಲರೂ ಹೊರಟ ಮೇಲೆ ಅವಳ ಗೆಳತಿ ಬಾಗಿಲ ಹತ್ತಿರ ನಿಂತು ಹೇಳಿದಳು: “ಸಾರ್, ಅವಳಿಗೆ ಅಪ್ಪ ಇಲ್ಲ. ಅವಳು ಮೊದಲು ಟಿಕ್ ಮಾಡಿದಳು. ಕಳುಹಿಸು ಒತ್ತಿದರೆ ಹೋಗಲೇ ಇಲ್ಲ. ಮೂರು ಸಲ ಒತ್ತಿದೆವು. ಅದಕ್ಕೆ ಏನೋ ಒಂದು ಬರೆದಳು.”

ಸಂಜೆಯ ರೈಲಿನಲ್ಲಿ ಇದನ್ನೇ ಯೋಚಿಸುತ್ತಾ ಬಂದೆ. ಮನೆಗೆ ಬಂದು ಅವಳು ಮಾಡಿದಂತೆಯೇ ಮಾಡಿ ನೋಡಿದೆ. ಗುರುತುಚೌಕ ಒತ್ತಿದೆ, ತಂದೆಯ ಭಾಗ ಮರೆಯಾಯಿತು. ಉಳಿದದ್ದನ್ನು ತುಂಬಿ ‘ಕಳುಹಿಸು’ ಒತ್ತಿದೆ. ಏನೂ ಆಗಲಿಲ್ಲ. ತಪ್ಪಿನ ಸೂಚನೆಯೂ ಬರಲಿಲ್ಲ.

ಕಾರಣ ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಎಚ್‌ಟಿಎಂಎಲ್‌ನಲ್ಲಿ ಒಂದು ಖಾನೆಗೆ ‘ರಿಕ್ವೈರ್ಡ್’ ಎಂಬ ಗುಣ ಕೊಟ್ಟರೆ ಅದನ್ನು ಖಾಲಿ ಬಿಟ್ಟು ನಮೂನೆ ಕಳುಹಿಸಲು ಬ್ರೌಸರ್ ಬಿಡುವುದಿಲ್ಲ. 2014ರ ಅಕ್ಟೋಬರ್‌ನಲ್ಲಿ ಶಿಫಾರಸಾಗಿ ಪ್ರಕಟವಾದ ಎಚ್‌ಟಿಎಂಎಲ್5ರಲ್ಲಿ ಈ ಸೌಲಭ್ಯ ಇದೆ. ಆದರೆ ಖಾನೆಯನ್ನು ಕಣ್ಣಿಗೆ ಕಾಣದಂತೆ ಮಾಡಿದ ಮಾತ್ರಕ್ಕೆ ಅದು ಕಡ್ಡಾಯವಲ್ಲ ಎಂದಾಗುವುದಿಲ್ಲ. ಮರೆಯಾದ ಖಾನೆ ಖಾಲಿ ಇದೆ ಎಂದು ಬ್ರೌಸರ್ ನಮೂನೆಯನ್ನು ತಡೆಯುತ್ತದೆ. ಸಾಮಾನ್ಯವಾಗಿ ಆ ಖಾನೆಯ ಹತ್ತಿರ ‘ಇದನ್ನು ತುಂಬಿ’ ಎಂಬ ಸೂಚನೆ ತೋರಿಸಬೇಕು, ಆದರೆ ಖಾನೆಯೇ ಕಾಣುತ್ತಿಲ್ಲವಾದ್ದರಿಂದ ತೋರಿಸಲು ಜಾಗವಿಲ್ಲ. ಪ್ರೋಗ್ರಾಂ ಬರೆಯುವವರು ನೋಡುವ ಕನ್ಸೋಲ್‌ನಲ್ಲಿ ಮಾತ್ರ ಒಂದು ಸಾಲು ಬರುತ್ತದೆ. ಒಂಬತ್ತನೇ ತರಗತಿಯ ಹುಡುಗಿ ಅದನ್ನು ನೋಡುವುದಿಲ್ಲ.

ನಾನು ಪುಟವನ್ನು ಪರೀಕ್ಷಿಸಿಯೇ ತಂದಿದ್ದೆ. ಆದರೆ ನನ್ನ ಮನೆಯ ವಿವರವನ್ನೇ ತುಂಬಿ ಪರೀಕ್ಷಿಸಿದ್ದೆ. ನನಗೆ ಅಪ್ಪ ಅಮ್ಮ ಇಬ್ಬರೂ ಇದ್ದಾರೆ, ಇಬ್ಬರ ಬಳಿಯೂ ಫೋನಿದೆ. ಗುರುತುಚೌಕ ಒತ್ತಿದಾಗ ಭಾಗ ಮರೆಯಾಗುವುದನ್ನು ನೋಡಿ ತೃಪ್ತಿಪಟ್ಟಿದ್ದೆ. ಒತ್ತಿದ ಮೇಲೆ ಕಳುಹಿಸಿ ನೋಡಿರಲಿಲ್ಲ. ಹುಡುಗಿ ನಿಜವನ್ನೇ ಹೇಳಲು ಹೊರಟಿದ್ದಳು, ನನ್ನ ನಮೂನೆ ಅದನ್ನು ಒಪ್ಪಲಿಲ್ಲ. ಸುಳ್ಳು ಬರೆದಾಗ ಒಪ್ಪಿತು. ಆ ಸುಳ್ಳಿಗೆ ನಾನು ಅವಳನ್ನು ಎಲ್ಲರ ಮುಂದೆ ನಿಲ್ಲಿಸಿದೆ.

ಮಾರನೆಯ ದಿನ ಮಾರ್ಗದರ್ಶಕ ಶಿಕ್ಷಕಿಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. “ಮಗು ವಿಚಿತ್ರವಾದ ಉತ್ತರ ಕೊಟ್ಟರೆ ಮೊದಲು ನಿನ್ನ ಪ್ರಶ್ನೆಯನ್ನು ನೋಡು. ಆಮೇಲೆ ಮಗುವನ್ನು ನೋಡು” ಎಂದರು. ಅವಳನ್ನು ಮತ್ತೆ ಎಲ್ಲರ ಮುಂದೆ ಕರೆದು ಕ್ಷಮೆ ಕೇಳಬೇಡ, ಅದು ಇನ್ನೊಂದು ಸಲ ನಿಲ್ಲಿಸಿದಂತಾಗುತ್ತದೆ ಎಂದೂ ಹೇಳಿದರು. ಅವಳ ಹತ್ತಿರ ಪ್ರತ್ಯೇಕವಾಗಿ, “ನಿನ್ನೆಯ ತಪ್ಪು ನನ್ನದು, ನೀನು ಮಾಡಿದ್ದು ಸರಿಯಾಗಿತ್ತು” ಎಂದು ಹೇಳಿದೆ. ತಲೆಯಾಡಿಸಿದಳು.

ಮೂರನೇ ಅವಧಿ: ತಪ್ಪು ಹುಡುಕುವ ತರಗತಿ

ಮೂರನೇ ಅವಧಿಯನ್ನು “ನಿನ್ನೆ ತಂದ ಪುಟದಲ್ಲಿ ತಪ್ಪುಗಳಿದ್ದವು. ಮಾಡಿದವನು ನಾನು. ಇವತ್ತು ನೀವು ಹುಡುಕಬೇಕು” ಎಂದು ಶುರು ಮಾಡಿದೆ. ಈ ಸಲ ಮಕ್ಕಳ ಸ್ವಂತ ವಿವರ ಕೇಳಲಿಲ್ಲ. ಪಾತ್ರಚೀಟಿಗಳನ್ನು ಬರೆದು ತಂದಿದ್ದೆ. ಪ್ರತಿ ಗುಂಪಿಗೂ ಒಂದೊಂದು.

ಚೀಟಿ 1: ಚಾಂಪಿಯನ್‌ನಿಂದ ರೈಲಿನಲ್ಲಿ ಬರುವ ಹುಡುಗ, ತಂದೆ ತಾಯಿ ಇಬ್ಬರೂ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ.
ಚೀಟಿ 2: ಅಜ್ಜಿಯ ಜೊತೆ ಇರುವ ಹುಡುಗಿ, ಅಜ್ಜಿಗೆ ಫೋನಿಲ್ಲ, ಪಕ್ಕದ ಮನೆಯವರ ಫೋನಿದೆ.
ಚೀಟಿ 3: ಹಾಸ್ಟೆಲಿನಲ್ಲಿ ಇರುವ ಹುಡುಗ.
ಚೀಟಿ 4: ಗಣಿ ಕಾಲೊನಿಯ ಲೈನ್ ಮನೆಯ ಹುಡುಗಿ. ವಿಳಾಸದಲ್ಲಿ ಲೈನು ಮತ್ತು ಮನೆ ಸಂಖ್ಯೆ ಇದೆ, ಬೀದಿಯ ಹೆಸರಿಲ್ಲ.
ಚೀಟಿ 5: ಗಡಿಯಾಚೆಯ ಕುಪ್ಪಂನಿಂದ ರೈಲಿನಲ್ಲಿ ಬರುವ ಹುಡುಗ.

ಮಕ್ಕಳು ಚೀಟಿಯಲ್ಲಿದ್ದ ವ್ಯಕ್ತಿಯಾಗಿ ನಮೂನೆ ತುಂಬಿದರು. ಎಲ್ಲಿ ಸಿಕ್ಕಿಹಾಕಿಕೊಂಡರೋ ಅಲ್ಲಿ ನಿಲ್ಲಿಸಿ ಕಾರಣ ಬರೆಯಬೇಕು. ಅರ್ಧ ಗಂಟೆಯಲ್ಲಿ ಕಪ್ಪುಹಲಗೆಯ ಮೇಲೆ ಐದು ತಪ್ಪುಗಳ ಪಟ್ಟಿ ಬೆಳೆಯಿತು. ಒಂದೊಂದಾಗಿ ವಿವರಿಸುತ್ತೇನೆ.

ಮೊದಲನೆಯದು, ಮರೆಯಾದರೂ ಕಡ್ಡಾಯವಾಗಿ ಉಳಿಯುವ ಖಾನೆ. ಇದಕ್ಕೆ ಪರಿಹಾರ, ಭಾಗವನ್ನು ಮರೆಮಾಡುವುದರ ಜೊತೆಗೆ ನಿಷ್ಕ್ರಿಯಗೊಳಿಸುವುದು. ಖಾನೆಗಳನ್ನೆಲ್ಲ ‘ಫೀಲ್ಡ್‌ಸೆಟ್’ ಎಂಬ ಹೊದಿಕೆಯೊಳಗೆ ಇಟ್ಟು ಆ ಹೊದಿಕೆಗೆ ‘ಡಿಸೇಬಲ್ಡ್’ ಗುಣ ಕೊಟ್ಟರೆ ಒಳಗಿರುವ ಖಾನೆಗಳು ಒಟ್ಟಿಗೇ ನಿಷ್ಕ್ರಿಯವಾಗುತ್ತವೆ. ನಿಷ್ಕ್ರಿಯ ಖಾನೆಯನ್ನು ಬ್ರೌಸರ್ ಪರಿಶೀಲಿಸುವುದೂ ಇಲ್ಲ, ಅದರ ವಿವರವನ್ನು ಕಳುಹಿಸುವುದೂ ಇಲ್ಲ. ಮೊದಲ ದಿನದ ಎರಡೂ ನಿಯಮಗಳು ಒಂದೇ ಗುಣದಿಂದ ಈಡೇರುತ್ತವೆ. ‘ಊರಿಗಾಂ’ ಒಳಗೆ ಉಳಿದಿದ್ದರೂ ದಾಖಲೆಗೆ ಹೋಗುವುದಿಲ್ಲ.

ಎರಡನೆಯದು, ಎರಡು ತುಣುಕುಗಳ ನಡುವಿನ ಗೊಂದಲ. ತುಣುಕಿನೊಳಗೆ ‘ಈ ಸಂಖ್ಯೆಗೆ ಶಾಲೆಯಿಂದ ಕರೆ ಮಾಡಬಹುದೇ? ಹೌದು / ಇಲ್ಲ’ ಎಂಬ ಪ್ರಶ್ನೆಯನ್ನು ಈ ಅವಧಿಗಾಗಿ ಸೇರಿಸಿದ್ದೆ, ಬೇಕೆಂದೇ ತಪ್ಪಾಗಿ. ಮೊದಲ ಭಾಗದಲ್ಲಿ ‘ಹೌದು’ ಆರಿಸಿದ ಗುಂಪು ಎರಡನೇ ಭಾಗದಲ್ಲಿ ‘ಇಲ್ಲ’ ಆರಿಸಿದ ಕೂಡಲೇ ಮೊದಲಿನ ‘ಹೌದು’ ಅಳಿಸಿಹೋಯಿತು. ಒಂದೇ ನಮೂನೆಯೊಳಗೆ ಒಂದೇ ಹೆಸರಿರುವ ಆಯ್ಕೆಗುಂಡಿಗಳೆಲ್ಲ ಒಂದೇ ಗುಂಪು ಎಂದು ಬ್ರೌಸರ್ ತಿಳಿಯುತ್ತದೆ, ಒಂದು ಗುಂಪಿನಲ್ಲಿ ಒಂದನ್ನು ಮಾತ್ರ ಆರಿಸಬಹುದು. ತುಣುಕನ್ನು ಎರಡು ಸಲ ಬಳಸಿದಾಗ ಅದರೊಳಗಿನ ಹೆಸರುಗಳೂ ಎರಡು ಸಲ ಬಂದುಬಿಡುತ್ತವೆ. “ನಮ್ಮ ತರಗತಿಯಲ್ಲಿ ಮೂರು ಮಂಜುನಾಥ ಇದ್ದ ಹಾಗೆ” ಎಂದು ಒಬ್ಬ ಹುಡುಗ ಹೇಳಿದ. ಅವರನ್ನು ಹೇಗೆ ಕರೆಯುತ್ತೀರಿ ಎಂದರೆ, ಇನಿಷಿಯಲ್ ಸೇರಿಸಿ ಎಂದ. ಪರಿಹಾರವೂ ಅದೇ. ತುಣುಕಿನ ಪ್ರತಿ ಬಳಕೆಗೂ ಒಂದು ಇನಿಷಿಯಲ್ ಕೊಟ್ಟು ‘ಸಂಪರ್ಕ1–ಕರೆ’, ‘ಸಂಪರ್ಕ2–ಕರೆ’ ಎಂದು ಹೆಸರು ಮಾಡಬೇಕು. ಖಾನೆಯ ಗುರುತಿನ ವಿಷಯದಲ್ಲೂ ಹೀಗೆಯೇ. ಎರಡು ಖಾನೆಗೆ ಒಂದೇ ಗುರುತಿದ್ದರೆ ಎರಡನೇ ಭಾಗದ ಶೀರ್ಷಿಕೆಯನ್ನು ಒತ್ತಿದಾಗ ಕರ್ಸರ್ ಮೊದಲನೇ ಭಾಗಕ್ಕೆ ಹೋಗಿ ನಿಲ್ಲುತ್ತದೆ.

ಇದು ನನ್ನ ಸಣ್ಣ ಪುಟಕ್ಕೆ ಮಾತ್ರ ಬರುವ ತೊಂದರೆಯಲ್ಲ. ಮೈಕ್ರೋಸಾಫ್ಟಿನ ಎಎಸ್‌ಪಿ ಡಾಟ್ ನೆಟ್‌ನಲ್ಲಿ ಇಂಥ ಮರುಬಳಕೆಯ ತುಣುಕಿಗೆ ‘ಯೂಸರ್ ಕಂಟ್ರೋಲ್’ ಎನ್ನುತ್ತಾರೆ. ಅಲ್ಲಿ ಹೊರಗಿನ ತುಣುಕಿನ ಹೆಸರನ್ನು ಒಳಗಿನ ಖಾನೆಯ ಹೆಸರಿಗೆ ಸೇರಿಸಿ ಗೊಂದಲ ತಪ್ಪಿಸುವ ವ್ಯವಸ್ಥೆ ಇದೆ. 2005ರಲ್ಲಿ ಬಂದ ಅದರ ಎರಡನೇ ಆವೃತ್ತಿಯಲ್ಲಿ ‘ವ್ಯಾಲಿಡೇಶನ್ ಗ್ರೂಪ್’ ಎಂಬುದನ್ನು ಸೇರಿಸಿದರು. ಅದರಿಂದ ಒಂದು ಗುಂಡಿ ಒತ್ತಿದಾಗ ಪುಟದ ಎಲ್ಲ ಖಾನೆಗಳ ಬದಲು ಆ ಗುಂಪಿನ ಖಾನೆಗಳನ್ನಷ್ಟೇ ಪರಿಶೀಲಿಸಬಹುದು.

ಮೂರನೆಯದು, ಷರತ್ತು ಎಲ್ಲಿರಬೇಕು ಎಂಬ ಪ್ರಶ್ನೆ. ಮೊದಲ ಪುಟದಲ್ಲಿ ತುಣುಕಿನೊಳಗೇ ‘ಹೆಸರು ಕಡ್ಡಾಯ, ಮೊಬೈಲ್ ಕಡ್ಡಾಯ’ ಎಂದು ಬರೆದುಬಿಟ್ಟಿದ್ದೆ. ಎಲ್ಲಿ ಬಳಸಿದರೂ ಕಡ್ಡಾಯ. ಮಕ್ಕಳೊಂದಿಗೆ ಚರ್ಚಿಸಿ ಒಂದು ಸೂತ್ರ ಮಾಡಿಕೊಂಡೆವು. ಪ್ರಶ್ನೆಯೂ ಅದನ್ನು ಅವಲಂಬಿಸಿದ ಖಾನೆಯೂ ತುಣುಕಿನೊಳಗೇ ಇದ್ದರೆ ಷರತ್ತು ತುಣುಕಿನೊಳಗಿರಲಿ. ಪ್ರಶ್ನೆ ಹೊರಗಿದ್ದರೆ ಷರತ್ತನ್ನು ಪುಟ ನೋಡಿಕೊಳ್ಳಲಿ, ತುಣುಕಿಗೆ ‘ನೀನು ಈಗ ಬಳಕೆಯಲ್ಲಿದ್ದೀಯೋ ಇಲ್ಲವೋ’ ಎಂಬ ಒಂದು ಸ್ವಿಚ್ ಮಾತ್ರ ಸಾಕು. ಕೊನೆಗೆ ಕಪ್ಪುಹಲಗೆಯ ಮೇಲೆ ಉಳಿದ ಹೇಳಿಕೆ ಇದು:

ತುಣುಕು ಬಳಕೆಯಲ್ಲಿದೆ ಮತ್ತು ಕರೆ ಮಾಡಬಹುದು = ಹೌದು ಆದರೆ, ಮೊಬೈಲ್ ಕಡ್ಡಾಯ.
ಬೇರೆ ಯಾವ ಸಂದರ್ಭದಲ್ಲೂ ಮೊಬೈಲ್ ಕಡ್ಡಾಯವಲ್ಲ.

ನಾಲ್ಕನೆಯದು, ಖಾಲಿ ಎಂದರೇನು ಎಂಬುದು. ಒಂದು ಗುಂಪು ಹೆಸರಿನ ಖಾನೆಯಲ್ಲಿ ಸ್ಪೇಸ್ ಗುಂಡಿಯನ್ನು ಒಂದು ಸಲ ಒತ್ತಿ ಕಳುಹಿಸಿತು, ಬ್ರೌಸರ್ ಒಪ್ಪಿತು. ಕಣ್ಣಿಗೆ ಖಾಲಿ ಕಂಡರೂ ಬ್ರೌಸರಿಗೆ ಅದು ಒಂದು ಅಕ್ಷರ. ಇದಕ್ಕೆ ವಿರುದ್ಧವಾದ ಇನ್ನೊಂದು ವಿಷಯವಿದೆ. ಮೊಬೈಲ್ ಸಂಖ್ಯೆ ಹತ್ತು ಅಂಕಿಯದಾಗಿರಬೇಕೆಂದು ‘ಪ್ಯಾಟರ್ನ್’ ಗುಣದಲ್ಲಿ ಮಾದರಿ ಕೊಟ್ಟರೆ, ಖಾನೆ ಪೂರ್ತಿ ಖಾಲಿ ಇದ್ದಾಗ ಆ ಮಾದರಿಯನ್ನು ಬ್ರೌಸರ್ ನೋಡುವುದೇ ಇಲ್ಲ. ಅಂದರೆ ಮಾದರಿ ತಾನೇ ಒಂದು ಷರತ್ತು: ಬರೆದರೆ ಹೀಗೆ ಬರೆಯಬೇಕು. ಬರೆಯಲೇಬೇಕು ಎಂಬುದು ಬೇರೆ ನಿಯಮ. ಹತ್ತು ಒಂಬತ್ತುಗಳು ಮಾದರಿಗೆ ಹೊಂದುತ್ತವೆ ಎಂಬುದನ್ನೂ ಇಲ್ಲಿ ಹೇಳಿದೆ. ರೂಪ ಸರಿಯಿದೆಯೇ ಎಂದು ಪರಿಶೀಲನೆ ಹೇಳಬಲ್ಲದು, ನಿಜವೇ ಎಂದು ಹೇಳಲಾರದು.

ಐದನೆಯದು, ನಮ್ಮ ಊರಿನ ಊಹೆಗಳು. ನಾನು ಪಿನ್ ಕೋಡ್ 563ರಿಂದ ಶುರುವಾಗಬೇಕೆಂದು ಮಾದರಿ ಕೊಟ್ಟಿದ್ದೆ. ಬಂಗಾರಪೇಟೆ, ಕೆಜಿಎಫ್ ಎರಡಕ್ಕೂ ಅದು ಸರಿ. ಕುಪ್ಪಂನ ಚೀಟಿ ಹಿಡಿದವರು ಸಿಕ್ಕಿಹಾಕಿಕೊಂಡರು, ಅಲ್ಲಿಯದು 517ರಿಂದ ಶುರು. ಲೈನ್ ಮನೆಯ ಚೀಟಿಯವರು ‘ಬೀದಿ’ ಎಂಬ ಕಡ್ಡಾಯ ಖಾನೆಯಲ್ಲಿ ಸಿಕ್ಕಿಕೊಂಡರು. ಲೈನ್ ಮನೆಗಳ ನಡುವೆಯೇ ಓಡಾಡಿ ಬೆಳೆದ ನಾನೇ ಆ ಖಾನೆಯನ್ನು ಕಡ್ಡಾಯ ಮಾಡಿದ್ದೆ. ಯಾವುದೋ ಸಿದ್ಧ ನಮೂನೆಯನ್ನು ನೋಡಿ ಬರೆದಿದ್ದೆನೇ ಹೊರತು ನನ್ನ ಊರನ್ನು ನೆನೆದಿರಲಿಲ್ಲ.

ಮಕ್ಕಳು ಸೂಚಿಸಿದ ಬದಲಾವಣೆ

ಎಲ್ಲ ತಪ್ಪುಗಳೂ ಪಟ್ಟಿಯಾದ ಮೇಲೆ ಅಜ್ಜಿಯ ಚೀಟಿ ಹಿಡಿದಿದ್ದ ಗುಂಪು ಒಂದು ಪ್ರಶ್ನೆ ಎತ್ತಿತು: “ತಂದೆ, ತಾಯಿ ಅಂತ ಯಾಕೆ ಕೇಳಬೇಕು ಸಾರ್? ಫೋನ್ ಮಾಡುವುದಕ್ಕೆ ತಾನೇ?” ನಿಜ. ಆ ನಮೂನೆಯ ಉದ್ದೇಶ ತುರ್ತಾಗಿ ಯಾರಿಗೆ ತಿಳಿಸಬೇಕು ಎಂಬುದಷ್ಟೇ. ‘ತಂದೆ’, ‘ತಾಯಿ’ ಎಂಬ ಶೀರ್ಷಿಕೆ ತೆಗೆದು ‘ಮೊದಲ ಸಂಪರ್ಕ’, ‘ಎರಡನೇ ಸಂಪರ್ಕ (ಇದ್ದರೆ)’ ಎಂದು ಮಾಡಿದೆವು. ‘ನಿಮಗೆ ಏನಾಗಬೇಕು?’ ಎಂಬ ಒಂದು ಖಾನೆ ಸೇರಿತು. ‘ಅನ್ವಯಿಸುವುದಿಲ್ಲ’ ಎಂಬ ಗುರುತುಚೌಕವೇ ಬೇಡವಾಯಿತು. ಷರತ್ತನ್ನು ಸರಿಯಾಗಿ ಬರೆಯುವುದು ಒಂದು ಪರಿಹಾರ. ಬೇಡದ ಪ್ರಶ್ನೆಯನ್ನು ತೆಗೆದು ಷರತ್ತನ್ನೇ ಇಲ್ಲವಾಗಿಸುವುದು ಅದಕ್ಕಿಂತ ಸುಲಭದ ಪರಿಹಾರ. ನನಗೆ ಇದು ಹೊಳೆದಿರಲಿಲ್ಲ.

ಕೊನೆಯ ಹತ್ತು ನಿಮಿಷದಲ್ಲಿ ಒಂದು ಪ್ರದರ್ಶನ ಮಾಡಿದೆ. ಬ್ರೌಸರಿನಲ್ಲೇ ಪುಟದ ಒಳಸಂಕೇತವನ್ನು ತೆರೆದು ‘ರಿಕ್ವೈರ್ಡ್’ ಎಂಬ ಪದವನ್ನು ಅಳಿಸಿ, ಖಾಲಿ ನಮೂನೆಯನ್ನು ಕಳುಹಿಸಿ ತೋರಿಸಿದೆ. ಪುಟದಲ್ಲಿ ಮಾಡುವ ಪರಿಶೀಲನೆ ತುಂಬುವವರ ಅನುಕೂಲಕ್ಕೆ. ದಾಖಲೆ ಸರಿಯಾಗಿರಬೇಕಾದರೆ ವಿವರ ತಲುಪುವ ಸರ್ವರಿನಲ್ಲೂ ಅದೇ ಪರಿಶೀಲನೆ ಇರಬೇಕು. ಎರಡೂ ಕಡೆ ಷರತ್ತು ಒಂದೇ ಆಗಿರಬೇಕು. ಪುಟ ‘ನಿಲ್ದಾಣ ಬೇಡ’ ಎಂದು ಹೇಳಿ ಸರ್ವರ್ ‘ಬೇಕು’ ಎಂದರೆ ತುಂಬುವವರು ನಡುವೆ ಸಿಕ್ಕಿಕೊಳ್ಳುತ್ತಾರೆ.

ಮೌಲ್ಯಮಾಪನ

ಪಾಠದ ಕೊನೆಯಲ್ಲಿ ಹೆಸರು ಬರೆಯದ ಚೀಟಿಗಳಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಕೇಳಿದೆ. ‘ಬಸ್ ಪಾಸ್ ಇದ್ದರೆ ಪಾಸ್ ಸಂಖ್ಯೆ ಬರೆಯಿರಿ’ ಎಂಬ ನಿಯಮಕ್ಕೆ ನಾಲ್ಕು ಸಾಲಿನ ಕೋಷ್ಟಕ ಮಾಡುವುದು ಮೊದಲನೆಯದು. ಹೆಚ್ಚಿನವರು ಎರಡನೇ ಸಾಲು ಮಾತ್ರ ತಪ್ಪು ಎಂದು ಸರಿಯಾಗಿ ಬರೆದರು. ಕೆಲವರು ನಾಲ್ಕನೇ ಸಾಲಿಗೆ ಇನ್ನೂ ‘ತಪ್ಪು’ ಎಂದೇ ಬರೆದಿದ್ದರು, ಆದರೆ ಪಕ್ಕದಲ್ಲಿ ‘ಎರಡನೇ ನಿಯಮದಿಂದ’ ಎಂದು ಸೇರಿಸಿದ್ದರು. ಅದಕ್ಕೂ ಪೂರ್ಣ ಅಂಕ ಕೊಟ್ಟೆ. ಎರಡನೇ ಪ್ರಶ್ನೆ, ಒಂದೇ ತುಣುಕನ್ನು ಎರಡು ಸಲ ಬಳಸುವಾಗ ಏನನ್ನು ಬದಲಿಸಬೇಕು ಎಂಬುದು. ‘ಇನಿಷಿಯಲ್’ ಎಂಬ ಉತ್ತರ ಬಹಳ ಚೀಟಿಗಳಲ್ಲಿತ್ತು. ಮೂರನೆಯದು ಮುಕ್ತ ಪ್ರಶ್ನೆ: ಈ ಪಾಠದಿಂದ ಏನು ತಿಳಿಯಿತು? ಒಂದು ಚೀಟಿಯಲ್ಲಿ ‘ಖಾಲಿ ಬಿಡಲು ಜಾಗ ಕೊಡಬೇಕು’ ಎಂದಷ್ಟೇ ಇತ್ತು. ಯಾರು ಬರೆದದ್ದು ಎಂದು ನಾನು ಕೈಬರಹ ಹೋಲಿಸಿ ನೋಡಲಿಲ್ಲ.

ಆತ್ಮಾವಲೋಕನ

ಈ ಪಾಠದಲ್ಲಿ ಸರಿಹೋಗದೆ ಉಳಿದದ್ದೂ ಇದೆ. ಮೂರನೇ ಅವಧಿ ಎಪ್ಪತ್ತು ನಿಮಿಷ ಹಿಡಿಯಿತು, ಮುಂದಿನ ಅವಧಿಯ ಶಿಕ್ಷಕರು ಕಾಯಬೇಕಾಯಿತು. ನಾಲ್ಕು ಮಂದಿಯ ಗುಂಪಿನಲ್ಲಿ ಮೌಸ್ ಹಿಡಿದವರೇ ಹೆಚ್ಚು ಕಲಿತರು, ಸರದಿಯನ್ನು ನಾನು ಕಟ್ಟುನಿಟ್ಟಾಗಿ ನೋಡಿಕೊಳ್ಳಲಿಲ್ಲ. ಎರಡನೇ ಅವಧಿಯಲ್ಲಿ ಮಕ್ಕಳ ಮನೆಯ ವಿವರವನ್ನು ಕೇಳಿದ್ದೇ ತಪ್ಪು. ಅಭ್ಯಾಸದ ಪಾಠಕ್ಕೆ ನಿಜವಾದ ಫೋನ್ ಸಂಖ್ಯೆ, ನಿಜವಾದ ತಂದೆಯ ಹೆಸರು ಬೇಕಾಗಿರಲಿಲ್ಲ.

ಮಾರ್ಗದರ್ಶಕ ಶಿಕ್ಷಕಿಯ ಮಾತನ್ನು ಆಮೇಲೆ ಗಣಿತದ ಕಿರುಪರೀಕ್ಷೆಗೂ ಅನ್ವಯಿಸಿ ನೋಡಿದೆ. ಒಂದು ಲೆಕ್ಕಕ್ಕೆ ಹಲವರು ಒಂದೇ ರೀತಿಯ ತಪ್ಪು ಉತ್ತರ ಬರೆದಿದ್ದರು. ಮೊದಲಾಗಿದ್ದರೆ ‘ಓದಿಲ್ಲ’ ಎಂದು ಕೆಂಪು ಗೀಟು ಹಾಕುತ್ತಿದ್ದೆ. ಪ್ರಶ್ನೆಯನ್ನು ಮತ್ತೆ ಓದಿದಾಗ ವಾಕ್ಯಕ್ಕೆ ಎರಡು ಅರ್ಥ ಬರುತ್ತಿತ್ತು. ಪ್ರಶ್ನೆಪತ್ರಿಕೆಯೂ ಒಂದು ನಮೂನೆಯೇ, ಅದರ ತಪ್ಪೂ ತುಂಬುವವರ ತಲೆಯ ಮೇಲೆಯೇ ಬೀಳುತ್ತದೆ.

ಸಹಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆಗಳು

1. ಈ ಪಾಠಕ್ಕೆ ಇಂಟರ್‌ನೆಟ್ ಬೇಡ. ಕಂಪ್ಯೂಟರ್ ಇಲ್ಲದಿದ್ದರೂ ಮೊದಲ ಅವಧಿಯನ್ನು ಮತ್ತು ಪಾತ್ರಚೀಟಿಯ ಚಟುವಟಿಕೆಯನ್ನು ಕಾಗದದ ನಮೂನೆಯಲ್ಲೇ ಮಾಡಬಹುದು.
2. ಪಾತ್ರಚೀಟಿಗಳನ್ನು ನಿಮ್ಮ ಊರಿಗೆ ತಕ್ಕಂತೆ ಬರೆಯಿರಿ. ಸಾವಿರ ಸಂದರ್ಭಗಳಲ್ಲಿ ಯಾವುದನ್ನು ಪರೀಕ್ಷಿಸಬೇಕು ಎಂಬ ಮೊದಲ ದಿನದ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದು: ನಿಮ್ಮಂತೆ ಇಲ್ಲದ ಮನೆಗಳಿಂದ ಶುರು ಮಾಡಿ.
3. ಯಾವ ಚೀಟಿಯೂ ತರಗತಿಯ ನಿರ್ದಿಷ್ಟ ಮಗುವಿನ ಮನೆಯನ್ನು ಹೋಲದಂತೆ ನೋಡಿಕೊಳ್ಳಿ.
4. ಪ್ರತಿ ಷರತ್ತಿಗೂ ಮೂರು ಸಲ ಕಳುಹಿಸಿ ನೋಡಿ: ‘ಹೌದು’ ಆರಿಸಿ, ‘ಇಲ್ಲ’ ಆರಿಸಿ, ‘ಹೌದು’ ಆರಿಸಿ ತುಂಬಿ ಮತ್ತೆ ‘ಇಲ್ಲ’ಕ್ಕೆ ಬದಲಿಸಿ. ಪರದೆ ಬದಲಾಗುವುದನ್ನು ನೋಡಿದರೆ ಸಾಲದು, ‘ಕಳುಹಿಸು’ ಒತ್ತಲೇಬೇಕು.
5. ವಿಚಿತ್ರವಾದ ಉತ್ತರ ಕಂಡರೆ ತರಗತಿಯ ಮುಂದೆ ಕೇಳಬೇಡಿ. ಮೊದಲು ಅದೇ ದಾರಿಯಲ್ಲಿ ನೀವೇ ನಮೂನೆಯನ್ನು ಒಮ್ಮೆ ತುಂಬಿ ನೋಡಿ.